ಅರವತ್ತನಾಲ್ಕು ಮನೆಗಳ ಪ್ರಯೋಗಾಲಯ

ಪದವಿ ತರಗತಿಯ ಭೌತವಿಜ್ಞಾನ ಪ್ರಯೋಗದ ರೆಕಾರ್ಡ್ ಪುಸ್ತಕಗಳನ್ನು ತಿದ್ದಿದ ಅಧ್ಯಾಪಕರಿಗೆಲ್ಲ ಒಂದು ವಾಕ್ಯ ಚಿರಪರಿಚಿತ: ‘ಮಾನವ ದೋಷದಿಂದಾಗಿ ಫಲಿತಾಂಶದಲ್ಲಿ ಸ್ವಲ್ಪ ವ್ಯತ್ಯಾಸ ಬಂದಿದೆ.’ ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8ರ ಬದಲು 9.2 ಎಂದು ಬಂದರೂ ಇದೇ ವಾಕ್ಯ, 10.3 ಎಂದು ಬಂದರೂ ಇದೇ ವಾಕ್ಯ. ಯಾವ ಮಾನವ, ಯಾವ ದೋಷ ಎಂದು ಕೇಳಿದರೆ ಉತ್ತರವಿಲ್ಲ. ಲೋಲಕದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯುವ ಬದಲು ಕೊಕ್ಕೆಯವರೆಗೆ ಮಾತ್ರ ಅಳೆದಿದ್ದರೆ ಅದು ಒಂದು ಬಗೆಯ ತಪ್ಪು. ಎಷ್ಟು ಸಲ ಪ್ರಯೋಗ ಮಾಡಿದರೂ ಫಲಿತಾಂಶ ಒಂದೇ ಕಡೆಗೆ ವಾಲುತ್ತದೆ. ನಿಲುಗಡಿಯಾರವನ್ನು ಒತ್ತುವಾಗ ಬೆರಳು ಒಮ್ಮೆ ಮುಂದಾಗಿ ಒಮ್ಮೆ ಹಿಂದಾದರೆ ಅದು ಬೇರೆ ಬಗೆ. ಸರಾಸರಿ ತೆಗೆದರೆ ಅದು ಕಡಿಮೆಯಾಗುತ್ತದೆ. ಮೊದಲನೆಯದು ವ್ಯವಸ್ಥಿತ ದೋಷ, ಎರಡನೆಯದು ಆಕಸ್ಮಿಕ ದೋಷ. ‘ಇದು ನಾನು ಮಾಡಿದ ತಪ್ಪು’ ಮತ್ತು ‘ಇದು ಹೇಗೋ ಆದದ್ದು’ ಎಂಬ ಈ ಎರಡನ್ನು ಬೇರ್ಪಡಿಸುವುದರಲ್ಲೇ ಪ್ರಯೋಗವಿಜ್ಞಾನದ ಅರ್ಧ ಪಾಠವಿದೆ.

ಈ ಪಾಠವನ್ನು ಕಂಪ್ಯೂಟರ್ ಆಟವೊಂದು ಕಲಿಸಬಲ್ಲದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮಂಡಗದ್ದೆಯಲ್ಲಿ ಒಂದು ಮಳೆಗಾಲದ ರಜೆಯಲ್ಲಿ ನಂಬಬೇಕಾಯಿತು. ಎರಡನೆಯ ಪಿ.ಯು.ಸಿ. ಓದುತ್ತಿದ್ದ ಸೋದರಳಿಯ ಹಳೆಯ ಲ್ಯಾಪ್‌ಟಾಪಿನ ಮುಂದೆ ಕುಳಿತು, ಒಂದೇ ಒಂದು ಗುಂಡಿಯನ್ನೂ ಒತ್ತದೆ, ಹತ್ತು ನಿಮಿಷ ಪರದೆಯನ್ನೇ ನೋಡುತ್ತಿದ್ದ. ಆಟವೋ, ಲೆಕ್ಕವೋ ಎಂದು ಕೇಳಿದೆ. “ಆಟವೇ ಮಾವ. ಆದ್ರೆ ಇದ್ರಲ್ಲಿ ಸೋತ್ರೆ ಬೈಯಕ್ಕೆ ಯಾರೂ ಸಿಗಲ್ಲ. ತಪ್ಪೆಲ್ಲ ನಂದೇ” ಎಂದ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗಲೆಲ್ಲ ಹಣೆಬರಹವನ್ನು ಹಳಿಯುವ ಹುಡುಗನ ಬಾಯಿಂದ ಈ ಮಾತು ಬಂದದ್ದು ನನಗೆ ವಿಶೇಷವೆನಿಸಿತು. ಅನಂತರ ನಾನೂ ಆಡಿದೆ, ಹಲವು ಸಲ ಸೋತೆ. ಆ ಆಟದ ಗುಣದೋಷಗಳನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಆಟ ಯಾವುದು?

ಆಟದ ಹೆಸರು ‘ಇನ್‌ಟು ದ ಬ್ರೀಚ್’. ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಎಂಬಿಬ್ಬರು ಸ್ಥಾಪಿಸಿದ ಸಬ್‌ಸೆಟ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ಇದನ್ನು 2018ರ ಫೆಬ್ರುವರಿಯಲ್ಲಿ ವಿಂಡೋಸ್ ಕಂಪ್ಯೂಟರುಗಳಿಗಾಗಿ ಹೊರತಂದಿತು. ಅದೇ ವರ್ಷದ ‘ಗೇಮ್ ಅವಾರ್ಡ್ಸ್’ನಲ್ಲಿ ತಂತ್ರಪ್ರಧಾನ ಆಟಗಳ ವಿಭಾಗದ ಪ್ರಶಸ್ತಿ ಇದಕ್ಕೆ ಸಂದಿತು. 2022ರ ಜುಲೈನಲ್ಲಿ ಹೆಚ್ಚಿನ ಯಂತ್ರಗಳು, ಆಯುಧಗಳು ಸೇರಿದ ವಿಸ್ತೃತ ರೂಪ ಬಂದಿತು. ಮೊದಲೇ ಕೊಂಡಿದ್ದವರಿಗೆ ಅದು ಉಚಿತವಾಗಿ ದೊರೆಯಿತು.

ಇದು ಸರದಿಯ ಆಟ. ಅಂದರೆ ಬೆರಳಿನ ಚುರುಕಿಗೆ ಇಲ್ಲಿ ಬೆಲೆಯಿಲ್ಲ; ಎದುರಾಳಿ ನಡೆದ ಮೇಲೆ ನೀವು, ನೀವು ನಡೆದ ಮೇಲೆ ಎದುರಾಳಿ. ಕಂಪ್ಯೂಟರಿನಲ್ಲಿ ಇಂಥ ಆಟಗಳಿಗೆ ದೊಡ್ಡ ಪರಂಪರೆಯೇ ಇದೆ. 1991ರ ‘ಸಿವಿಲಿಜೇಶನ್’, 1994ರ ‘ಎಕ್ಸ್-ಕಾಮ್’, 2001ರ ‘ಅಡ್ವಾನ್ಸ್ ವಾರ್ಸ್’ ಇವು ಪ್ರಸಿದ್ಧವಾದವು. ‘ಇನ್‌ಟು ದ ಬ್ರೀಚ್’ ನೋಡಲು ಆ ಕಾಲದ ಆಟದಂತೆಯೇ ಇದೆ. ಚಿತ್ರಗಳೆಲ್ಲ ಎಣಿಸಬಹುದಾದಷ್ಟು ದಪ್ಪ ಚುಕ್ಕಿಗಳಿಂದ ಆದವು. ಇದನ್ನು ಹಳೆಯದರ ಮೇಲಿನ ವ್ಯಾಮೋಹ ಎಂದು ತಳ್ಳಿಹಾಕಬಾರದು. ಚಿತ್ರದಲ್ಲಿ ಅನಗತ್ಯವಾದುದು ಇಲ್ಲದಿದ್ದರೆ ಯಾವ ಮನೆಯಲ್ಲಿ ಏನಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ವಿದ್ಯುನ್ಮಂಡಲದ ಚಿತ್ರದಲ್ಲಿ ನಾವು ರೋಧಕದ ಬಣ್ಣದ ಪಟ್ಟೆಗಳನ್ನು ಬರೆಯದೆ ಅಂಕುಡೊಂಕು ಗೆರೆಯನ್ನಷ್ಟೇ ಎಳೆಯುವುದಿಲ್ಲವೇ? ಇದೂ ಹಾಗೆಯೇ. ಇನ್ನೊಂದು ಅನುಕೂಲ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಕಂಪ್ಯೂಟರಿನಲ್ಲೂ ಇದು ನಡೆಯುತ್ತದೆ.

ಕಥೆ ಚಿಕ್ಕದು. ನೆಲದೊಳಗಿನಿಂದ ದೈತ್ಯ ಕೀಟಗಳು ಎದ್ದು ಬಂದು ಊರುಗಳನ್ನು ನಾಶ ಮಾಡುತ್ತಿವೆ. ನಿಮ್ಮ ಬಳಿ ಮೂರು ಕಾಳಗದ ಯಂತ್ರಗಳಿವೆ. ಹಲಗೆ ಚದುರಂಗದ್ದೇ: 8×8, ಒಟ್ಟು 64 ಮನೆ. ಕೆಲವು ಮನೆಗಳಲ್ಲಿ ಜನವಸತಿಯ ಕಟ್ಟಡಗಳು, ಕೆಲವುದರಲ್ಲಿ ಬೆಟ್ಟ, ನೀರು, ಕಾಡು. ಕಟ್ಟಡಕ್ಕೆ ಪೆಟ್ಟು ಬಿದ್ದರೆ ಊರಿನ ವಿದ್ಯುತ್ ಜಾಲದ ಬಲ ಕುಗ್ಗುತ್ತದೆ. ಅದು ಸೊನ್ನೆಯಾದರೆ ಆಟ ಮುಗಿಯಿತು. ಈ ನಷ್ಟ ಒಂದು ಕಾಳಗದಿಂದ ಮುಂದಿನ ಕಾಳಗಕ್ಕೂ ಉಳಿದುಕೊಂಡು ಬರುತ್ತದೆ. ಆದ್ದರಿಂದ ಗುರಿ ಕೀಟಗಳನ್ನು ಕೊಲ್ಲುವುದಲ್ಲ, ನಿಗದಿತ ಸುತ್ತುಗಳು ಮುಗಿಯುವವರೆಗೆ ಕಟ್ಟಡಗಳನ್ನು ಉಳಿಸುವುದು.

ಎದುರಾಳಿ ಮೊದಲೇ ಹೇಳುತ್ತಾನೆ

ಈ ಆಟದ ಮುಖ್ಯ ನಿಯಮ ಹೀಗಿದೆ. ಕೀಟಗಳು ತಮ್ಮ ಸರದಿಯಲ್ಲಿ ನಡೆದು, ಯಾವ ಮನೆಗೆ ಹೊಡೆಯುತ್ತೇವೆ ಎಂಬುದನ್ನು ತೋರಿಸಿ, ಹೊಡೆಯದೆ ನಿಲ್ಲುತ್ತವೆ. ಎಷ್ಟು ಪೆಟ್ಟು, ಯಾವ ಅನುಕ್ರಮದಲ್ಲಿ ಎಂಬುದನ್ನೂ ನೀವು ನೋಡಬಹುದು. ಈಗ ನಿಮ್ಮ ಸರದಿ. ನಿಮ್ಮದು ಮುಗಿದ ಮೇಲೆ ಅವುಗಳ ಹೊಡೆತ ಕಾರ್ಯಗತವಾಗುತ್ತದೆ. ಮುಂದಿನ ಕೀಟಗಳು ಯಾವ ಮನೆಗಳಿಂದ ಮೇಲೇಳುತ್ತವೆ ಎಂಬುದೂ ಮುಂಚಿತವಾಗಿ ಗೊತ್ತಿರುತ್ತದೆ. ಆ ಮನೆಯ ಮೇಲೆ ನಿಮ್ಮ ಯಂತ್ರ ನಿಂತರೆ ಒಂದು ಪೆಟ್ಟು ತಿಂದು ಕೀಟವನ್ನು ತಡೆಯಬಹುದು.

ಭೌತವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇಲ್ಲಿದೆ. ಕೀಟದ ಹೊಡೆತ ಹಲಗೆಯ ಒಂದು ಮನೆಗೆ ಅಂಟಿಕೊಂಡಿಲ್ಲ, ಕೀಟಕ್ಕೆ ಅಂಟಿಕೊಂಡಿದೆ. ಅಂದರೆ ಅದೊಂದು ಸದಿಶ. ಒಂದು ಉದಾಹರಣೆ ನೋಡೋಣ. ಕಾಗದ-ಪೆನ್ಸಿಲ್ ಹಿಡಿದು ಓದಿ. ಕೀಟ (4, 4)ರಲ್ಲಿದೆ; ಪಕ್ಕದ (5, 4)ರಲ್ಲಿ ಕಟ್ಟಡವಿದೆ; ಕೀಟ ಅದಕ್ಕೆ ಗುರಿಯಿಟ್ಟಿದೆ. ಹೊಡೆತದ ಸದಿಶ (+1, 0). ನಿಮ್ಮ ಫಿರಂಗಿ ಯಂತ್ರ (4, 1)ರಲ್ಲಿ ನಿಂತು ಅದೇ ಸಾಲಿನಲ್ಲಿ ಗುಂಡು ಹಾರಿಸುತ್ತದೆ ಎನ್ನಿ. ಗುಂಡು ದಾರಿಯಲ್ಲಿ ಮೊದಲು ಸಿಕ್ಕ ವಸ್ತುವಿಗೆ, ಅಂದರೆ ಕೀಟಕ್ಕೆ, ಬಡಿದು ಒಂದು ಪೆಟ್ಟು ಕೊಟ್ಟು ಅದನ್ನು ಒಂದು ಮನೆ ಹಿಂದಕ್ಕೆ, (4, 5)ಕ್ಕೆ, ತಳ್ಳುತ್ತದೆ. ಸದಿಶ ಬದಲಾಗಿಲ್ಲ, ಹೊಡೆತ ಈಗ ಬೀಳುವುದು (5, 5)ಕ್ಕೆ. ಕಟ್ಟಡ ಉಳಿಯಿತು. (5, 5)ರಲ್ಲಿ ಇನ್ನೊಂದು ಕೀಟವಿದ್ದರೆ ಅದು ತನ್ನವನ ಕೈಯಲ್ಲೇ ಪೆಟ್ಟು ತಿನ್ನುತ್ತದೆ.

ಈಗ ಸ್ವಲ್ಪ ಬದಲಾಯಿಸಿ. ಎರಡನೆಯ ಕೀಟ (5, 5)ರ ಬದಲು (4, 5)ರಲ್ಲೇ ಇದೆ ಎನ್ನಿ. ಅದೇ ಗುಂಡು, ಅದೇ ನೂಕು. ಆದರೆ ಹಿಂದೆ ಜಾಗವಿಲ್ಲ. ಎರಡೂ ಡಿಕ್ಕಿಯಾಗುತ್ತವೆ, ಎರಡಕ್ಕೂ ತಲಾ ಒಂದು ಪೆಟ್ಟು. ಒಟ್ಟು ಮೂರು ಪೆಟ್ಟು ಕೊಟ್ಟಿದ್ದೀರಿ, ಹಿಂದಿನದಕ್ಕಿಂತ ಹೆಚ್ಚು. ಆದರೆ ಆ ಪೆಟ್ಟಿಗೆ ಮೊದಲನೆಯ ಕೀಟ ಸಾಯದಿದ್ದರೆ ಅದು ಇದ್ದಲ್ಲೇ ಇರುತ್ತದೆ, ಕಟ್ಟಡ ಬೀಳುತ್ತದೆ! ಹೆಚ್ಚು ಹೊಡೆದದ್ದೇ ಒಳ್ಳೆಯ ನಡೆ ಎಂಬ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ. ಯಾವ ರಾಶಿಯನ್ನು ಉಳಿಸಬೇಕು ಎಂಬುದನ್ನು ಮರೆತು ಕೈಗೆ ಸಿಕ್ಕ ಸೂತ್ರಕ್ಕೆ ಬೆಲೆಗಳನ್ನು ತುಂಬುವ ವಿದ್ಯಾರ್ಥಿ ಮಾಡುವುದೂ ಇದೇ ತಪ್ಪನ್ನೇ.

ಆಯ್ಕೆಗಳೆಷ್ಟಿವೆ ಎಂದು ಒರಟಾಗಿ ಲೆಕ್ಕ ಹಾಕಬಹುದು. ಯಂತ್ರಗಳು ಮೂಲೆಗೆ ಓರೆಯಾಗಿ ನಡೆಯುವುದಿಲ್ಲ, ನಾಲ್ಕು ದಿಕ್ಕಿಗೆ ಮಾತ್ರ. ಮೂರು ಹೆಜ್ಜೆ ನಡೆಯಬಲ್ಲ ಯಂತ್ರ, ಹಲಗೆ ಖಾಲಿಯಿದ್ದರೆ, ನಡುವಿನ ಮನೆಯಿಂದ 2×3×4 = 24 ಮನೆಗಳನ್ನು ತಲುಪಬಹುದು; ಇದ್ದಲ್ಲೇ ಇರುವುದೂ ಸೇರಿ 25. ಪ್ರತಿ ಮನೆಯಿಂದ ನಾಲ್ಕು ದಿಕ್ಕಿಗೆ ಹೊಡೆಯಬಹುದಾದರೆ 100 ಆಯ್ಕೆ. ಮೂರು ಯಂತ್ರಗಳಿಗೆ ನೂರರ ಘನ, ಹತ್ತು ಲಕ್ಷ. ಯಾವುದು ಮೊದಲು ನಡೆಯಬೇಕು ಎಂಬುದಕ್ಕೆ 6 ಕ್ರಮಗಳು. ಒಟ್ಟು ಅರವತ್ತು ಲಕ್ಷ. ಅಡೆತಡೆಗಳಿಂದ ನಿಜವಾದ ಸಂಖ್ಯೆ ಬೇರೆಯಾಗುತ್ತದೆ, ಆದರೆ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಲಾಗದು ಎಂಬುದು ಸ್ಪಷ್ಟ. ಆಟಗಾರ ‘ಯಾವ ಕಟ್ಟಡಕ್ಕೆ ಅಪಾಯ, ಆ ಕೀಟವನ್ನು ಯಾವ ದಿಕ್ಕಿಗೆ ಸರಿಸಿದರೆ ಸಾಕು, ಆ ದಿಕ್ಕಿಗೆ ಸರಿಸಬಲ್ಲ ಯಂತ್ರ ಎಲ್ಲಿ ನಿಲ್ಲಬೇಕು’ ಎಂದು ಹಿಂದಿನಿಂದ ಮುಂದಕ್ಕೆ ಯೋಚಿಸಿ ಅರವತ್ತು ಲಕ್ಷವನ್ನು ಐದಾರಕ್ಕೆ ಇಳಿಸುತ್ತಾನೆ. ಸೋದರಳಿಯ ಹತ್ತು ನಿಮಿಷ ಸುಮ್ಮನೆ ಕುಳಿತಿದ್ದಾಗ ಮಾಡುತ್ತಿದ್ದುದು ಇದನ್ನೇ.

ಅದೃಷ್ಟದ ಜಾಗ ಯಾವುದು?

ಇದೇ ಬಗೆಯ ಬೇರೆ ಹಲವು ಆಟಗಳಲ್ಲಿ ನೀವು ಗುಂಡು ಹಾರಿಸಿದ ಮೇಲೆ ಅದು ತಾಗುತ್ತದೋ ಇಲ್ಲವೋ ಎಂಬುದನ್ನು ಸಂಭವನೀಯತೆ ನಿರ್ಧರಿಸುತ್ತದೆ. 2012ರಲ್ಲಿ ಹೊಸದಾಗಿ ಬಂದ ‘ಎಕ್ಸ್‌ಕಾಮ್’ ಇದಕ್ಕೆ ಹೆಸರಾದದ್ದು. ಶೇಕಡ 95 ತಾಗುವ ಗುಂಡು ತಪ್ಪಿದರೆ ಆಟಗಾರರು ಕಂಪ್ಯೂಟರ್ ಮೋಸ ಮಾಡಿತು ಎನ್ನುತ್ತಾರೆ. ಅಂಥ 20 ಗುಂಡುಗಳಲ್ಲಿ ಒಂದಾದರೂ ತಪ್ಪುವ ಸಂಭವನೀಯತೆ ಎಷ್ಟು? 0.95ರ 20ನೆಯ ಘಾತ ಸುಮಾರು 0.36, ಆದ್ದರಿಂದ ಉತ್ತರ ಶೇಕಡ 64. ತಪ್ಪದಿದ್ದರೇ ಆಶ್ಚರ್ಯ! ಆದರೂ ಸೋತಾಗ ಅದು ನಮ್ಮ ಯೋಜನೆಯ ದೋಷವೋ, ಆಕಸ್ಮಿಕವೋ ಎಂದು ಹೇಳುವುದು ಅಲ್ಲಿ ಕಷ್ಟ.

‘ಇನ್‌ಟು ದ ಬ್ರೀಚ್’ನಲ್ಲಿ ಆಕಸ್ಮಿಕವಿದೆ, ಆದರೆ ಅದರ ಜಾಗ ಬೇರೆ. ಕೀಟಗಳು ಎಲ್ಲಿ ಏಳುತ್ತವೆ, ಯಾರಿಗೆ ಗುರಿಯಿಡುತ್ತವೆ ಎಂಬುದು ಮೊದಲೇ ಊಹಿಸಲಾಗದ್ದು. ಅದು ನಿಮ್ಮ ಸರದಿಗೆ ಮುಂಚೆ ನಡೆದು ಮುಗಿದಿರುತ್ತದೆ. ಅಲ್ಲಿಂದ ಮುಂದೆ ನಿಮ್ಮ ಪ್ರತಿಯೊಂದು ಕ್ರಿಯೆಯ ಫಲ ನಿಶ್ಚಿತ. ಆರಂಭದ ಸ್ಥಿತಿ ನಿಮ್ಮ ಕೈಯಲ್ಲಿಲ್ಲ, ನಿಯಮ ಗೊತ್ತು, ಮುಂದಿನ ಸ್ಥಿತಿಯನ್ನು ಲೆಕ್ಕ ಹಾಕಬಹುದು. ನ್ಯೂಟನ್ನನ ಯಂತ್ರವಿಜ್ಞಾನವನ್ನು ಮೊದಲ ವರ್ಷದ ವಿದ್ಯಾರ್ಥಿಗೆ ನಾವು ಹೇಳಿಕೊಡುವ ರೀತಿಯೇ ಇದು.

ಮಂಡಗದ್ದೆಯ ನಡುಗಡ್ಡೆಯನ್ನು ನೋಡಿದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲೇ, ತುಂಗಾ ನದಿಯ ನಡುವೆ, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಮರಿಮಾಡುವ ಪಕ್ಷಿಧಾಮವದು. ಹೊಳೆ ತುಂಬಿದಾಗ ನಡುಗಡ್ಡೆಯ ನೆಲ ಮುಳುಗಿ ಮರಗಳ ತಲೆಗಳಷ್ಟೇ ಕಾಣುತ್ತವೆ. ಘಟ್ಟದಲ್ಲಿ ಈ ವರ್ಷ ಎಷ್ಟು ಮಳೆ ಬೀಳುತ್ತದೆ ಎಂಬುದು ಹಕ್ಕಿಯ ಕೈಯಲ್ಲಿಲ್ಲ, ನಮ್ಮ ಕೈಯಲ್ಲೂ ಇಲ್ಲ. ಆದರೆ ಮೇಲಿನ ಊರಿನಲ್ಲಿ ನೀರಿನ ಮಟ್ಟವನ್ನು ಅಳೆದ ಮೇಲೆ ಇಲ್ಲಿ ಏನಾಗಬಹುದು ಎಂಬುದು ಲೆಕ್ಕದ ವಿಷಯ. ಮಳೆಯನ್ನು ಬೈಯುವುದು ವ್ಯರ್ಥ. ಅಳತೆಯನ್ನು ನೋಡದಿರುವುದು ತಪ್ಪು.

ಒಂದು ಕಡೆ ಮಾತ್ರ ಆಟ ತನ್ನ ನಿಯಮವನ್ನು ತಾನೇ ಮುರಿಯುತ್ತದೆ. ಕಟ್ಟಡಕ್ಕೆ ಪೆಟ್ಟು ಬಿದ್ದಾಗ ಅದು ಹೇಗೋ ತಡೆದುಕೊಳ್ಳುವ ಒಂದು ಸಣ್ಣ ಸಾಧ್ಯತೆಯಿದೆ. ಆರಂಭದಲ್ಲಿ ಶೇಕಡ 15. ಎರಡು ಕಟ್ಟಡಗಳಿಗೆ ಪೆಟ್ಟು ಬಿದ್ದರೆ ಎರಡೂ ಉಳಿಯುವ ಸಾಧ್ಯತೆ ಶೇಕಡ 2.25, ಎರಡೂ ಬೀಳುವುದು ಶೇಕಡ 72. ಇದನ್ನು ನಂಬಿ ಯೋಜನೆ ಹಾಕುವಂತಿಲ್ಲ. ಆದರೆ ಒಮ್ಮೆ ಉಳಿದಾಗ ಸಿಗುವ ಸಂತೋಷವಿದೆಯಲ್ಲ, ಅದು ಹುಡುಗರಿಗೆ ತಪ್ಪು ಪಾಠ ಹೇಳುತ್ತದೆ. ತಪ್ಪು ನಡೆದರೂ ಸರಿಯಾಯಿತು ಎಂದರೆ ನಡೆ ಸರಿಯಾಗಿತ್ತು ಎಂದಲ್ಲ. ಈ ನಿಯಮ ಇಲ್ಲದಿದ್ದರೆ ಆಟ ಇನ್ನಷ್ಟು ಶುದ್ಧವಾಗಿರುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ನಮ್ಮ ಹಲಗೆಗಳ ಪಕ್ಕದಲ್ಲಿಟ್ಟು

ಸರದಿಯ ಆಟ ನಮಗೆ ಹೊಸದಲ್ಲ. ದೇವಸ್ಥಾನಗಳ ಕಲ್ಲುಚಪ್ಪಡಿಗಳ ಮೇಲೆ ಕೊರೆದ ಹುಲಿಕಟ್ಟಿನ ಗೆರೆಗಳನ್ನು ನೀವು ನೋಡಿರಬಹುದು. ಅದರ ಒಂದು ಪ್ರಚಲಿತ ರೂಪದಲ್ಲಿ 23 ಬಿಂದುಗಳು, 3 ಹುಲಿಗಳು, 15 ಆಡುಗಳು. ಹುಲಿ ಆಡನ್ನು ಹಾರಿ ತಿನ್ನುತ್ತದೆ. ಆಡುಗಳು ಹುಲಿಯನ್ನು ಕೊಲ್ಲಲಾರವು, ಕಟ್ಟಿಹಾಕಬಲ್ಲವು. ಬಲಶಾಲಿಯನ್ನು ಕೊಲ್ಲದೆ ಸ್ಥಾನಬಲದಿಂದ ನಿಲ್ಲಿಸುವ ಈ ವಿಚಾರ ‘ಇನ್‌ಟು ದ ಬ್ರೀಚ್’ನ ತಿರುಳೂ ಹೌದು. ಇದಕ್ಕೆ ಎದುರಾಗಿ ಚೌಕಾಬಾರದಲ್ಲಿ ಕವಡೆಯದೇ ರಾಜ್ಯ. ನಾಲ್ಕು ಕವಡೆಗಳು ಮೊಗಚುವ, ಅಂಗಾತ ಬೀಳುವ ಸಾಧ್ಯತೆ ಸಮವೆಂದುಕೊಂಡರೆ ಎರಡು ಬೀಳುವುದು 16ರಲ್ಲಿ 6 ಸಲ, ಒಂದು ಅಥವಾ ಮೂರು ತಲಾ 4 ಸಲ, ಚೌಕ ಮತ್ತು ಬಾರ ತಲಾ ಒಂದು ಸಲ. ನಿಜವಾದ ಕವಡೆಯ ಎರಡು ಮಗ್ಗುಲು ಸಮವಲ್ಲ. ಎಷ್ಟು ಅಸಮ ಎಂಬುದನ್ನು ನೂರು ಸಲ ಹಾಕಿ ಬರೆದು ನೋಡುವುದು ಪ್ರೌಢಶಾಲೆಗೆ ಒಳ್ಳೆಯ ಪ್ರಯೋಗ.

64 ಮನೆಗಳ ಹಲಗೆಯಂತೂ ಮೈಸೂರಿನಲ್ಲಿ ರಾಜಗೌರವ ಪಡೆದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳಲ್ಲೂ, ಚದುರಂಗದ ಕುದುರೆಯನ್ನು ಎಲ್ಲ ಮನೆಗಳಲ್ಲಿ ಒಂದೊಂದೇ ಸಲ ಸುತ್ತಿಸುವ ಸಮಸ್ಯೆಯಲ್ಲೂ ವಿಶೇಷ ಆಸಕ್ತಿ ಹೊಂದಿದ್ದರು. ಕುದುರೆಯ ಹೆಜ್ಜೆಗಳಿಗೆ 1ರಿಂದ 64ರವರೆಗೆ ಸಂಖ್ಯೆ ಕೊಟ್ಟಾಗ ಪ್ರತಿ ಸಾಲಿನ ಮೊತ್ತ 260 ಬರುವಂಥ ಪಯಣಗಳೂ ಇವೆ. ಎರಡು ಕರ್ಣಗಳ ಮೊತ್ತವೂ 260 ಬರುವ ಪಯಣ ಸಾಧ್ಯವೇ ಇಲ್ಲ ಎಂಬುದು 2003ರಲ್ಲಿ ಕಂಪ್ಯೂಟರಿನ ಸಮಗ್ರ ಶೋಧದಿಂದ ಸ್ಥಿರಪಟ್ಟಿತು. ಚಿಕ್ಕ ಹಲಗೆ, ಕೆಲವೇ ನಿಯಮ, ಆದರೂ ಮುಗಿಯದ ಆಳ.

ಈ ಅಳತೆಗೋಲಿನಿಂದ ನೋಡಿದರೆ ‘ಇನ್‌ಟು ದ ಬ್ರೀಚ್’ನ ಒಂದು ಕೊರತೆ ಕಾಣುತ್ತದೆ. ಚದುರಂಗದಲ್ಲೂ ಹುಲಿಕಟ್ಟಿನಲ್ಲೂ ಎದುರಾಳಿಯ ಉತ್ತರ ಏನಿರಬಹುದು, ಅದಕ್ಕೆ ನನ್ನ ಉತ್ತರವೇನು ಎಂದು ನಾಲ್ಕಾರು ನಡೆ ಮುಂದಕ್ಕೆ ಯೋಚಿಸಬೇಕು. ಇಲ್ಲಿ ಎದುರಾಳಿಯ ಮುಂದಿನ ಹೊಡೆತ ಗೊತ್ತು, ಅದರ ಮುಂದಿನದು ಗೊತ್ತೇ ಇಲ್ಲ. ಹೀಗಾಗಿ ಪ್ರತಿ ಸರದಿಯೂ ಬಿಡಿ ಬಿಡಿ ಲೆಕ್ಕವಾಗುತ್ತದೆ. ದೂರದೃಷ್ಟಿಗಿಂತ ಸೂಕ್ಷ್ಮದೃಷ್ಟಿಗೆ ಇಲ್ಲಿ ಹೆಚ್ಚು ಕೆಲಸ.

ಭೌತವಿಜ್ಞಾನದ ಕಣ್ಣಿನಲ್ಲಿ

ಆಟದ ಭೌತವಿಜ್ಞಾನ ಸರಿಯಿದೆಯೇ? ಅರ್ಧ ಸರಿ. ಡಿಕ್ಕಿಯಲ್ಲಿ ಇಬ್ಬರಿಗೂ ಸಮಾನ ಪೆಟ್ಟು ಎಂಬ ನಿಯಮ ನ್ಯೂಟನ್ನನ ಮೂರನೆಯ ನಿಯಮವನ್ನು ನೆನಪಿಸುತ್ತದೆ. ಆದರೆ ಚಿಕ್ಕ ಕೀಟವಾಗಲಿ ದೊಡ್ಡ ಯಂತ್ರವಾಗಲಿ ನೂಕಿದರೆ ಸರಿಯುವುದು ಒಂದೇ ಮನೆ, ದ್ರವ್ಯರಾಶಿಗೆ ಲೆಕ್ಕವಿಲ್ಲ. ಫಿರಂಗಿ ಹಾರಿಸಿದ ಯಂತ್ರ ಹಿಂದಕ್ಕೆ ಜರುಗುವುದಿಲ್ಲ. ಸಂವೇಗದ ಸಂರಕ್ಷಣೆ ಅಲ್ಲಿಗೆ ಮುಗಿಯಿತು. ಹಾರಿಸಿದವನನ್ನೂ ಹಿಂದಕ್ಕೆ ತಳ್ಳುವ ‘ಅನ್‌ಸ್ಟೇಬಲ್ ಕ್ಯಾನನ್’ ಎಂಬ ಫಿರಂಗಿಯೂ ಇದೆ. ವಿಚಿತ್ರವೆಂದರೆ ಆಟ ಅದನ್ನು ಅಸ್ಥಿರ ಎಂದು ಕರೆಯುತ್ತದೆ. ನಮ್ಮ ಪಾಲಿಗೆ ಸರಿಯಾದ ಫಿರಂಗಿ ಅದೇ!

ಇದನ್ನು ದೊಡ್ಡ ದೋಷವೆಂದು ನಾನು ಎಣಿಸುವುದಿಲ್ಲ. ಚದುರಂಗದ ಆನೆಯ ತೂಕವನ್ನು ಯಾರೂ ಕೇಳುವುದಿಲ್ಲ. ನಿಯಮ ನಿಸರ್ಗದ್ದೇ ಆಗಬೇಕಿಲ್ಲ, ಎಲ್ಲ ಕಡೆ ಒಂದೇ ಆಗಿರಬೇಕು ಅಷ್ಟೆ. ಆ ಪರೀಕ್ಷೆಯಲ್ಲಿ ಆಟ ಬಹುಮಟ್ಟಿಗೆ ಗೆಲ್ಲುತ್ತದೆ.

ನನ್ನ ನಿಜವಾದ ಆಕ್ಷೇಪಣೆ ಬೇರೆ ಎರಡು. ಮೊದಲನೆಯದು ಕಥೆಗೆ ಸಂಬಂಧಿಸಿದ್ದು. ಸೋತಾಗ ನಿಮ್ಮ ಚಾಲಕರಲ್ಲಿ ಒಬ್ಬ ಬದುಕಿದ್ದರೆ ಬೇರೊಂದು ಕಾಲಧಾರೆಗೆ ಹಾರಿ ಹೊಸದಾಗಿ ಆರಂಭಿಸುತ್ತಾನೆ. ಬಿಟ್ಟುಹೋದ ಊರಿನ ಜನರ ಗತಿಯೇನು? ಆಟ ಅದರ ಮೇಲೆ ಎರಡು ಸಾಲಿನ ವಿಷಾದ ಸುರಿದು ಮುಂದೆ ಹೋಗುತ್ತದೆ. ಕಟ್ಟಡ ಉಳಿಸುವುದೇ ಗುರಿಯಾದ ಆಟಕ್ಕೆ ಇದು ತಕ್ಕುದಲ್ಲ.

ಎರಡನೆಯದು ಹೆಚ್ಚು ಮುಖ್ಯ. ಇಲ್ಲಿ ಅಳತೆಯೆಲ್ಲ ದೋಷರಹಿತ. ಕೀಟ ಎಲ್ಲಿದೆ, ಎಷ್ಟು ಬಲ ಉಳಿದಿದೆ ಎಂಬುದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲ. ಪ್ರಯೋಗಾಲಯದಲ್ಲಿ ಯಾವ ಅಳತೆಯೂ ಹಾಗಿರುವುದಿಲ್ಲ. ಈ ಆಟವನ್ನು ಮಾತ್ರ ಆಡಿದ ಹುಡುಗ ಎಲ್ಲ ಸೋಲೂ ತನ್ನ ತಪ್ಪೇ ಎಂದು ತಿಳಿದರೆ ಅದೂ ಹಣೆಬರಹ ಎಂದಷ್ಟೇ ಅವೈಜ್ಞಾನಿಕ. ಪ್ರಶ್ನೆಪತ್ರಿಕೆ ಕಠಿಣವಾಗಿದ್ದುದು, ಪರೀಕ್ಷೆಯ ದಿನ ಜ್ವರ ಬಂದದ್ದು ನಿಜವಾದ ಕಾರಣಗಳೇ. ಅವಕ್ಕೂ ಲೆಕ್ಕದಲ್ಲಿ ಜಾಗ ಬೇಕು. ಆದ್ದರಿಂದ ಇದನ್ನು ಅರ್ಧ ವಿಜ್ಞಾನ ಎನ್ನೋಣ. ಉಳಿದರ್ಧಕ್ಕೆ ಕವಡೆ ಬೇಕು.

ತರಗತಿಯಲ್ಲಿ

ಶಿಕ್ಷಕರಿಗೆ ನನ್ನ ಸಲಹೆ ಇಷ್ಟು. ಆಟವನ್ನು ಕೊಳ್ಳಲೇಬೇಕೆಂದಿಲ್ಲ. ಚದುರಂಗದ ಹಲಗೆ, ಹತ್ತು ಹುಣಸೆ ಬೀಜ, ನಾಲ್ಕಾರು ಕಡ್ಡಿ ಸಾಕು. ಬೀಜ ಕೀಟ, ಅದರ ಮುಂದಿಟ್ಟ ಕಡ್ಡಿ ಹೊಡೆತದ ಸದಿಶ. ಮೇಲಿನ ಉದಾಹರಣೆಯನ್ನು ಹಲಗೆಯ ಮೇಲೆ ಹಾಕಿ, ಮೂರು ನಡೆಯಲ್ಲಿ ಕಟ್ಟಡ ಉಳಿಸಲು ಹೇಳಿ. ಸೋತ ಗುಂಪು ‘ಮಾನವ ದೋಷ’ ಎಂದು ಬರೆಯುವಂತಿಲ್ಲ. ಯಾವ ನಡೆಯಲ್ಲಿ, ಯಾವ ಊಹೆ ತಪ್ಪಿತು ಎಂದು ಒಂದು ವಾಕ್ಯ ಬರೆಯಬೇಕು. ಅನಂತರ ಪ್ರತಿ ನೂಕಿಗೂ ಕವಡೆ ಹಾಕಿಸಿ, ಎರಡು ಅಥವಾ ಮೂರು ಬಿದ್ದರೆ ಮಾತ್ರ ನೂಕು ಸಫಲ ಎನ್ನಿ. ಒಂದೇ ಯೋಜನೆಯನ್ನು ಹತ್ತು ಸಲ ಆಡಿಸಿ. ಆಗ ಯೋಜನೆಯ ದೋಷ ಯಾವುದು, ಗರದ ದೋಷ ಯಾವುದು ಎಂಬುದನ್ನು ಅವರೇ ಬೇರ್ಪಡಿಸುತ್ತಾರೆ.

ಆಟ ಕನ್ನಡದಲ್ಲಿಲ್ಲ ಎಂಬ ಕೊರಗು ಉಳಿಯುತ್ತದೆ. ಪರದೆಯ ಮೇಲಿನ ಸೂಚನೆಗಳು ಚಿಕ್ಕವು, ಕನ್ನಡಕ್ಕೆ ತರಲು ಕಷ್ಟವಾದವಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್‌ಆ್ಯಕ್ಟಿವ್ ಹೊರದೇಶದ ಆಟಗಳಿಗೆ ವರ್ಷಗಟ್ಟಲೆ ಕೆಲಸ ಮಾಡಿ 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಕುಶಲಿಗಳು ನಮ್ಮಲ್ಲಿದ್ದಾರೆ. ಹುಲಿಕಟ್ಟಿನ ಗೆರೆಗಳೂ ಕಲ್ಲಿನ ಮೇಲೆ ಇನ್ನೂ ಇವೆ. ಎರಡನ್ನೂ ಕೂಡಿಸಿ, ತನ್ನ ನಿಯಮವನ್ನು ಮರೆಮಾಚದ ಒಂದು ಆಟವನ್ನು ಕನ್ನಡದಲ್ಲಿ ಮಾಡಿದರೆ ಹಲವು ಪ್ರಯೋಗಾಲಯಗಳ ಕೆಲಸ ಅದು ಮಾಡೀತು.

ಮರುದಿನ ಸೋದರಳಿಯ ತನ್ನ ರೆಕಾರ್ಡ್ ಪುಸ್ತಕ ತಂದು ತೋರಿಸಿದ. ಲೋಲಕದ ಪ್ರಯೋಗದ ಕೊನೆಯಲ್ಲಿ ಬರೆದಿದ್ದ ‘ಮಾನವ ದೋಷ’ವನ್ನು ಹೊಡೆದುಹಾಕಿ, ‘ಗುಂಡಿನ ತ್ರಿಜ್ಯವನ್ನು ಉದ್ದಕ್ಕೆ ಸೇರಿಸಿಲ್ಲ’ ಎಂದು ಬರೆದಿದ್ದ. ಉತ್ತರ ಇನ್ನೂ 9.8 ಆಗಿರಲಿಲ್ಲ. ಆದರೆ ಮುಂದೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು.